ತೋಪ್‌ಕಾಪಿಯ ವಿಯೆಟ್ನಾಮೀ ಹೂಜಿ: 13 ಅಕ್ಷರಗಳಿಂದ ಸಾಬೀತಾಗುವುದೆಷ್ಟು?

ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ ಮ್ಯೂಸಿಯಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚೀನೀ ಪಿಂಗಾಣಿ ಪಾತ್ರೆಗಳಿವೆ. ಅವುಗಳ ನಡುವೆ ನೀಲಿ-ಬಿಳಿ ಬಣ್ಣದ ಒಂದು ಹೂಜಿ ಇದೆ. ಎತ್ತರ ಸುಮಾರು 54 ಸೆಂ.ಮೀ., ಗುಂಡು ಹೊಟ್ಟೆ, ನೀಳ ಕುತ್ತಿಗೆ, ಹೊಟ್ಟೆಯ ಸುತ್ತ ಪಿಯೋನಿ ಹೂಬಳ್ಳಿ. ದೂರದಿಂದ ನೋಡಿದರೆ ಚೀನಾದ ಪಿಂಗಾಣಿ ಊರು ಜಿಂಗ್‌ಡೆಜೆನ್‌ನದ್ದೇ ಅನ್ನಿಸುತ್ತದೆ. ಹತ್ತಿರ ಹೋದರೆ ಹೆಗಲ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಒಂದು ಸಾಲಿನ ಬರಹ ಕಾಣುತ್ತದೆ. ಚೀನೀ ಲಿಪಿಯ 13 ಅಕ್ಷರಗಳು. ವಿಯೆಟ್ನಾಮೀ ಉಚ್ಚಾರದಲ್ಲಿ ಓದಿದರೆ: ಥಾಯ್ ಹೋವಾ ಬಾತ್ ನಿಯೆನ್, ತುವಾಂಗ್ ನ್ಯಾನ್, ನಾಮ್ ಸಾಕ್ ಚೌ, ಬುಯ್ ಥಿ ಹಿ ಬುತ್.

ಮೊದಲ ನಾಲ್ಕು ಅಕ್ಷರ ಕಾಲವನ್ನು ಹೇಳುತ್ತವೆ: ಥಾಯ್ ಹೋವಾ ಎಂಟನೇ ವರ್ಷ. ಮುಂದಿನ ಎರಡು ವೃತ್ತಿ: ಕುಶಲಕರ್ಮಿ. ಆಮೇಲಿನ ಮೂರು ಸೀಮೆ: ನಾಮ್ ಸಾಕ್. ಕೊನೆಯ ನಾಲ್ಕು ಬರೆದವರ ಗುರುತು, ಜಗಳ ಇರುವುದೂ ಅಲ್ಲೇ. 15ನೇ ಶತಮಾನದ ವಿಯೆಟ್ನಾಮೀ ನೀಲಿ-ಬಿಳಿ ಪಾತ್ರೆಗಳ ಕಾಲಗಣನೆ ಬಹುಮಟ್ಟಿಗೆ ಈ ಒಂದು ಸಾಲನ್ನೇ ನೆಚ್ಚಿಕೊಂಡಿರುವುದರಿಂದ, ಸಾಲು ಎಷ್ಟು ಭಾರ ತಡೆಯುತ್ತದೆಂದು ತೂಗಿ ನೋಡಲೇಬೇಕು. ಕಾಲದ ವಿಷಯದಲ್ಲಿ ಅದು ಗಟ್ಟಿ. ಸ್ಥಳದ ವಿಷಯದಲ್ಲಿ ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಸಡಿಲ. ವ್ಯಕ್ತಿಯ ವಿಷಯದಲ್ಲಿ ತೀರಾ ತೆಳು.

ತಿಗರಿಯಿಂದ ಆವಿಗೆಗೆ

ಇದು ಸ್ಟೋನ್‌ವೇರ್. ಅಂದರೆ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಂಕಿಯಲ್ಲಿ ಬೆಂದು, ನೀರು ಹೀರದಷ್ಟು ಬಿಗಿಯಾದ ಮಣ್ಣು. ಜಿಂಗ್‌ಡೆಜೆನ್‌ನ ಪಿಂಗಾಣಿಯಂತೆ ಅಪ್ಪಟ ಬಿಳುಪಲ್ಲ, ತುಸು ಬೂದು ಬೆರೆತ ಬಿಳುಪು. ತೆಳುವಾದ ಜಾಗದಲ್ಲೂ ಬೆಳಕು ಹಾಯುವುದಿಲ್ಲ. ಕೆಂಪು ನದಿಯ ಮುಖಜಭೂಮಿಯಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಬಿಳಿ ಜೇಡಿ ಸಿಗುತ್ತಿದ್ದದ್ದರಿಂದಲೇ ಅಲ್ಲಿ ಈ ಕಸುಬು ಬೇರೂರಿತು.

ಇಷ್ಟು ದೊಡ್ಡ ಹೂಜಿಯನ್ನು ತಿಗರಿಯ ಮೇಲೆ ಒಂದೇ ಏಟಿಗೆ ಎತ್ತುವುದು ಕಷ್ಟ. ಹಸಿ ಮಣ್ಣು ಒಣಗಿ ಬೇಯುವಷ್ಟರಲ್ಲಿ ಶೇ 10ರಿಂದ 15ರಷ್ಟು ಕುಗ್ಗುತ್ತದೆ. ಶೇ 12 ಎಂದು ಹಿಡಿದರೂ 54 ಸೆಂ.ಮೀ. ಹೂಜಿ ಹಸಿಯಾಗಿದ್ದಾಗ 61 ಸೆಂ.ಮೀ. ಇರಬೇಕು. ಅಷ್ಟೆತ್ತರದ ಹಸಿ ಗೋಡೆ ತನ್ನ ಭಾರಕ್ಕೇ ಕುಸಿಯುತ್ತದೆ. ಅದಕ್ಕಾಗಿ ಇಂಥವನ್ನು ತುಂಡು ತುಂಡಾಗಿ ಮಾಡಿ, ತೊಗಲಿನಷ್ಟು ಗಟ್ಟಿಯಾದ ಮೇಲೆ ನೀರು ಬೆರೆಸಿದ ತೆಳು ಮಣ್ಣಿನಿಂದ ಅಂಟಿಸುವುದು ರೂಢಿ: ಕೆಳಹೊಟ್ಟೆ, ಮೇಲುಹೊಟ್ಟೆ, ಕುತ್ತಿಗೆ. ತುಂಡುಗಳ ತೇವ ಒಂದೇ ಹದದಲ್ಲಿರಬೇಕು. ಒಂದು ಹೆಚ್ಚು ಒಣಗಿದ್ದರೆ ಇನ್ನೊಂದು ಅದಕ್ಕಿಂತ ಹೆಚ್ಚು ಕುಗ್ಗಿ, ಬೆಸುಗೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಬಿರುಕು ಬಿಡದಿದ್ದರೂ ಬೆಸುಗೆಯ ಜಾಗ ಒಂದು ಸಣ್ಣ ಉಬ್ಬಾಗಿ ಉಳಿಯುತ್ತದೆ. ಹೊರಗಿನದನ್ನು ಕೆರೆದು ನಯ ಮಾಡಬಹುದು. ಒಳಗೆ ಕೈ ಹೋಗದ ಕಾರಣ ಒಳಗಿನ ಬಳೆ ಹಾಗೇ ಉಳಿದುಬಿಡುತ್ತದೆ. ಮ್ಯೂಸಿಯಂನವರು ಕುತ್ತಿಗೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿದಾಗ ಮೊದಲು ಹುಡುಕುವುದು ಅದನ್ನೇ. ಇಂಥ ಹೂಜಿಯನ್ನು ಎಂದೂ ಕುತ್ತಿಗೆ ಹಿಡಿದು ಎತ್ತಬಾರದು ಎನ್ನುವುದಕ್ಕೂ ಆ ಬೆಸುಗೆಯೇ ಕಾರಣ. ಒಂದು ಕೈ ತಳದಡಿ, ಇನ್ನೊಂದು ಹೊಟ್ಟೆಗೆ.

ಚಿತ್ರ ಬಿಡಿಸುವುದು ಮೆರುಗಿಗಿಂತ, ಅಂದರೆ ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಲೇಪಕ್ಕಿಂತ, ಮುಂಚೆ. ಕೋಬಾಲ್ಟ್ ಅದಿರನ್ನು ನುಣ್ಣಗೆ ಅರೆದು ನೀರಿನಲ್ಲಿ ಕದಡಿ, ಕುಂಚದಿಂದ ಒಣ ಮಣ್ಣಿನ ಮೇಲೆ ಎಳೆಯುತ್ತಾರೆ. ಒಣ ಮಣ್ಣು ಬಣ್ಣವನ್ನು ಆ ಕ್ಷಣವೇ ಹೀರಿಕೊಳ್ಳುತ್ತದೆ, ಅಳಿಸುವ ಮಾತಿಲ್ಲ. ತಡೆದು ನಿಂತ ಕುಂಚ ಅಲ್ಲೇ ಒಂದು ಗಾಢ ಚುಕ್ಕೆ ಬಿಡುತ್ತದೆ. ಬಣ್ಣ ದಪ್ಪವಾದಲ್ಲಿ ಕೋಬಾಲ್ಟಿನ ಜತೆಗಿರುವ ಕಬ್ಬಿಣ, ಮ್ಯಾಂಗನೀಸ್ ಮೆರುಗನ್ನು ಸೀಳಿಕೊಂಡು ಮೇಲೆ ಬಂದು ಕಪ್ಪಾಗುತ್ತವೆ. ಆಮೇಲೆ ಬೂದಿ, ಸುಣ್ಣ, ಮಣ್ಣು ಸೇರಿದ ಪಾರದರ್ಶಕ ಮೆರುಗು. ದೊಡ್ಡ ಹೂಜಿಯನ್ನು ಮೆರುಗಿನ ತೊಟ್ಟಿಯಲ್ಲಿ ಅದ್ದುವುದು ಅಪಾಯ. ಬೇಯದ ಮಣ್ಣು ನೀರು ಕುಡಿದು ಬೆಸುಗೆ ಸಡಿಲವಾಗಬಹುದು. ಸುರಿಯುವುದೇ ಲೇಸು. ಮೆರುಗು ದಪ್ಪವಾದರೆ ಬೆಂಕಿಯಲ್ಲಿ ಇಳಿದು ಗೆರೆಗಳು ಕದಡುತ್ತವೆ. ತೆಳುವಾದರೆ ನೀಲಿ ಮಂಕಾಗಿ ಒರಟಾಗುತ್ತದೆ. ತಣಿಯುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಜೇಡರಬಲೆಯಂಥ ಸೀಳುಗಳು ಮೂಡುತ್ತವೆ. ವಿಯೆಟ್ನಾಮೀ ಪಾತ್ರೆಗಳಲ್ಲಿ ಇದು ತುಂಬಾ ಸಾಮಾನ್ಯ.

ಈ ಕ್ರಮ ನಮ್ಮ ಪ್ರಕರಣಕ್ಕೆ ಮುಖ್ಯ. ಬರಹ ಮೆರುಗಿನ ಅಡಿಯಲ್ಲಿದೆ. ಆದ್ದರಿಂದ ಹೂಜಿ ಸುಡುವ ಮೊದಲೇ ಅದನ್ನು ಬರೆಯಲಾಗಿತ್ತು. ಮುಂದೆ ಯಾವನೋ ವ್ಯಾಪಾರಿ ಬೆಲೆ ಏರಿಸಲು ಸೇರಿಸಿದ ಸಾಲು ಇದಾಗಿರಲು ಸಾಧ್ಯವಿಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ನೀಲಿ ಗೆರೆಯ ಮೇಲ್ಗಡೆ ಮೆರುಗಿನ ಸಣ್ಣ ಗುಳ್ಳೆಗಳು ಕಂಡರೆ ಬಣ್ಣ ಕೆಳಗಿದೆ ಎಂದರ್ಥ. ಮೇಲೆ ಬಳಿದ ಬಣ್ಣವಾದರೆ ಬೆಳಕನ್ನು ಓರೆಯಾಗಿ ಬಿಟ್ಟಾಗ ಹೊಳಪು ಅಲ್ಲಿ ಮಾತ್ರ ಬೇರೆಯಾಗಿ ಕಾಣುತ್ತದೆ, ಉಗುರಿಗೂ ತಡೆಯುತ್ತದೆ.

ಕಾಲ: ಗಟ್ಟಿ ಗೂಟ

ಬ್ರಿಟಿಷ್ ಮ್ಯೂಸಿಯಂನ ಆರ್. ಎಲ್. ಹಾಬ್ಸನ್ 1930ರ ದಶಕದ ಆರಂಭದಲ್ಲಿ ತೋಪ್‌ಕಾಪಿ ಸಂಗ್ರಹದ ಬಗ್ಗೆ ಬರೆಯುವಾಗ ಈ ಹೂಜಿಯನ್ನೂ ಬರಹವನ್ನೂ ವಿದ್ವಾಂಸರ ಗಮನಕ್ಕೆ ತಂದರು. 1351ರ ಬರಹವಿರುವ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಚೀನೀ ಡೇವಿಡ್ ಹೂಜಿಗಳನ್ನು 1929ರಲ್ಲಿ ಬೆಳಕಿಗೆ ತಂದವರೂ ಅವರೇ. ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಡೇವಿಡ್ ಹೂಜಿಗಳದ್ದು ದಾನಶಾಸನ: ಕೊಟ್ಟವನ ಹೆಸರು, ಊರು, ಯಾವ ದೇಗುಲಕ್ಕೆ, ಯಾಕೆ, ಎಂದು, ಎಲ್ಲವೂ ಇವೆ. ತೋಪ್‌ಕಾಪಿಯ ಸಾಲಿನಲ್ಲಿ ದಾನಿಯಿಲ್ಲ, ದೇವರಿಲ್ಲ, ಕೊಳ್ಳುವವನಿಲ್ಲ. ಕೆಲಸ ಮಾಡಿದವರು ತಮ್ಮ ಬಗ್ಗೆ ಬರೆದುಕೊಂಡ ಸಾಲು ಅದು. ಆ ಕಾಲಕ್ಕೆ ಅದು ಅಪರೂಪ.

ಥಾಯ್ ಹೋವಾ ಎಂಬುದು ಲೇ ವಂಶದ ದೊರೆ ಲೇ ನ್ಯಾನ್ ತೋಂಗ್‌ನ ಆಳ್ವಿಕೆಯ ಅಂಕಿತ, 1443ರಿಂದ 1453ರವರೆಗೆ ಬಳಕೆಯಲ್ಲಿತ್ತು. ಎಂಟನೇ ವರ್ಷ 1450. ದೊರೆಗೆ ಆಗ ಒಂಬತ್ತು ವರ್ಷ. ಚೀನಾದ ಮಿಂಗ್ ಸೈನ್ಯ 20 ವರ್ಷ ಆಕ್ರಮಿಸಿ ಕೂತು 1427ರಲ್ಲಿ ಕಾಲ್ತೆಗೆದ ಮೇಲೆ ದೇಶ ಚೇತರಿಸಿಕೊಳ್ಳುತ್ತಿದ್ದ ಹೊತ್ತು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ವಿಜಯನಗರದಲ್ಲಿ ಇಮ್ಮಡಿ ದೇವರಾಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಇಸ್ತಾಂಬುಲ್ ಒಟ್ಟೋಮನ್ನರ ವಶವಾದದ್ದು 1453ರಲ್ಲಿ. ತೋಪ್‌ಕಾಪಿ ಅರಮನೆಯ ಕೆಲಸ ಶುರುವಾದದ್ದು ಅದಕ್ಕೂ ಕೆಲವು ವರ್ಷ ಆದಮೇಲೆ. ಹಾಗಾಗಿ ಸುಲ್ತಾನರ ಈ ಅರಮನೆಗೆಂದೇ ಹೇಳಿ ಮಾಡಿಸಿದ ಹೂಜಿ ಇದು ಎಂಬ ಮಾತನ್ನು ಕೈಬಿಡಲೇಬೇಕು. ಹೂಜಿ ಅರಮನೆಗಿಂತ ಹಳೆಯದು.

ಯಂತ್ರಗಳು ಇಷ್ಟು ನಿಖರವಾಗಿ ಹೇಳಬಲ್ಲವೇ? ಸುಟ್ಟ ಮಣ್ಣಿನ ವಯಸ್ಸು ಅಳೆಯುವ ಥರ್ಮೋಲ್ಯೂಮಿನೆಸೆನ್ಸ್ ಪರೀಕ್ಷೆಗೆ ತಳದಲ್ಲಿ ಮಂದ ಕೆಂಪು ಬೆಳಕಿನಲ್ಲಿ ಸಣ್ಣ ರಂಧ್ರ ಕೊರೆದು ಸುಮಾರು 100 ಮಿಲಿಗ್ರಾಂ ಪುಡಿ ತೆಗೆಯಬೇಕು. ಕೊರೆಯುವ ಬಿಸಿಗೂ ಸಾಮಾನ್ಯ ಬೆಳಕಿಗೂ ಮಾದರಿ ಹಾಳಾಗುತ್ತದೆ. ಹಿಂದೆಂದೋ ಎಕ್ಸ್‌ರೇ ತೆಗೆದಿದ್ದರೆ ಆ ವಿಕಿರಣವೂ ಲೆಕ್ಕಕ್ಕೆ ಸೇರಿ ವಯಸ್ಸು ಹೆಚ್ಚಾಗಿ ತೋರುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಶೇ 15ರಷ್ಟು ಹೆಚ್ಚುಕಡಿಮೆ ಎಂದು ಹಿಡಿಯೋಣ. 575 ವರ್ಷದ ಪಾತ್ರೆಗೆ ಅದು ಸುಮಾರು 86 ವರ್ಷ ಆಚೆ, 86 ವರ್ಷ ಈಚೆ. ಅಂದರೆ 1364ರಿಂದ 1536ರವರೆಗೆ ಯಾವಾಗ ಬೇಕಾದರೂ: ಟ್ರಾನ್ ವಂಶದ ಕೊನೆಗಾಲದಿಂದ ಮಾಕ್ ವಂಶದ ಆರಂಭದ ತನಕ. ಈ ಪರೀಕ್ಷೆ ನಕಲಿ ಹಿಡಿಯಲು ಒಳ್ಳೆಯದು. ಓದಬಲ್ಲ ಬರಹ ಇರುವಲ್ಲಿ ತಳ ಕೊರೆಯುವುದು ವ್ಯರ್ಥ ಗಾಯ.

ಕಾಲ ಹೀಗೆ ಖಚಿತವಾದದ್ದರಿಂದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು. 1450ರ ಈ ಕೆಲಸ ಕಲಿಕೆಯ ಹಂತದ್ದಲ್ಲ, ಪಳಗಿದ ಕೈಯದ್ದು. ಆ ಹೊತ್ತಿಗಾಗಲೇ ವಿಯೆಟ್ನಾಮಿನಲ್ಲಿ ನೀಲಿ-ಬಿಳಿ ಕೆಲಸ ಬಲಿತಿತ್ತು. ಚೀನಾದಲ್ಲಿ ಆಗ ಮಿಂಗ್ ಸರಕಾರ ಖಾಸಗಿ ಸಮುದ್ರ ವ್ಯಾಪಾರವನ್ನು ನಿಷೇಧಿಸಿತ್ತು. ಆಗ್ನೇಯ ಏಷ್ಯಾದ ಮುಳುಗಿದ ಹಡಗುಗಳ ಸರಕನ್ನು ಎಣಿಸಿ ನೋಡಿದ ರೊಕ್ಸಾನಾ ಬ್ರೌನ್, 14ನೇ ಶತಮಾನದ ಕೊನೆಯಿಂದ 15ನೇ ಶತಮಾನದ ಬಹುಭಾಗ ಚೀನೀ ನೀಲಿ-ಬಿಳಿ ಪಾತ್ರೆಗಳು ಅಲ್ಲಿ ತೀರಾ ಕಡಿಮೆಯಾದುದನ್ನು ತೋರಿಸಿದರು. ಆ ಖಾಲಿ ಜಾಗವನ್ನು ಥಾಯ್ ಮತ್ತು ವಿಯೆಟ್ನಾಮೀ ಕುಂಬಾರರು ತುಂಬಿದರು. ಈ ಹೂಜಿ ಆ ಅವಧಿಯ ನಟ್ಟನಡುವಿನದು.

ಆದರೂ ಒಂದು ಎಚ್ಚರ ಬೇಕು. ಬರಹವಿಲ್ಲದ ನೂರಾರು ಪಾತ್ರೆಗಳಿಗೆ ಮ್ಯೂಸಿಯಂಗಳು '15ನೇ ಶತಮಾನದ ಮಧ್ಯಭಾಗ' ಎಂದು ಚೀಟಿ ಅಂಟಿಸುವುದು ಈ ಹೂಜಿಯ ಹೂಬಳ್ಳಿಯ ಹೋಲಿಕೆಯಿಂದ. ಆಮೇಲೆ ಆ ಪಾತ್ರೆಗಳನ್ನೇ ಆಧಾರ ಮಾಡಿಕೊಂಡು ಇನ್ನಷ್ಟಕ್ಕೆ ಕಾಲ ಹೇಳುತ್ತಾರೆ. ಒಂದು ಮಾದರಿಯ ಬಳ್ಳಿಯನ್ನು ಒಂದು ಕುಟುಂಬ ಮೂರು ತಲೆಮಾರು ಬರೆದಿರಬಹುದು. 1450 ಖಚಿತವಾಗಿರುವುದು ಈ ಒಂದೇ ಹೂಜಿಗೆ.

ಸ್ಥಳ: ಒಂದು ಪತ್ರ, ಆರು ವರ್ಷ, ಒಂದು ಹಳ್ಳಿ

1980ರಲ್ಲಿ ಹನೋಯ್‌ನ ಜಪಾನ್ ರಾಯಭಾರ ಕಚೇರಿಯಲ್ಲಿದ್ದ ಮಕೋಟೊ ಅನಾಬುಕಿ, ತೋಪ್‌ಕಾಪಿಯಲ್ಲಿ ಕಂಡ ಬರಹವನ್ನು ಉಲ್ಲೇಖಿಸಿ ಆಗಿನ ಹಾಯ್ ಹುಂಗ್ ಪ್ರಾಂತ್ಯದ ಮುಖ್ಯಸ್ಥರಿಗೆ ಪತ್ರ ಬರೆದರು. ನಾಮ್ ಸಾಕ್ ನಿಮ್ಮ ಸೀಮೆ, ಈ ಪಾತ್ರೆ ಅಲ್ಲಿ ಎಲ್ಲಿ ತಯಾರಾಯಿತು ಎಂಬುದು ಅವರ ಪ್ರಶ್ನೆ. ಸ್ಥಳೀಯರಿಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿ ಕುಂಬಾರಿಕೆ ನಿಂತು ಮುನ್ನೂರು ವರ್ಷದ ಮೇಲಾಗಿತ್ತು. ಪ್ರಾಂತೀಯ ಮ್ಯೂಸಿಯಂನ ತಾಂಗ್ ಬಾ ಹೋವಾನ್ ನೇತೃತ್ವದಲ್ಲಿ ಹುಡುಕಾಟ ನಡೆದು, 1986ರಲ್ಲಿ ಥಾಯ್ ಬಿನ್ ನದಿಯ ದಂಡೆಯ ಚೂ ದಾವ್ ಹಳ್ಳಿಯಲ್ಲಿ ಉತ್ಖನನ ಆರಂಭವಾಯಿತು. ಮನೆಗಳ ಹಿತ್ತಲಲ್ಲಿ, ಗದ್ದೆಯ ಬದುಗಳಲ್ಲಿ ಬೋಕಿಗಳ, ಅಂದರೆ ಒಡೆದ ಪಾತ್ರೆಯ ಚೂರುಗಳ, ರಾಶಿ ಸಿಕ್ಕಿತು.

ಬರೀ ಬೋಕಿ ಸಿಕ್ಕರೆ ಅದು ಆವಿಗೆಯ ಊರು ಅನ್ನಲಾಗದು. ಜನ ಬಳಸಿ ಒಡೆದು ಬಿಸಾಕಿದ್ದೂ ಇರಬಹುದು. ಆವಿಗೆಯ ಊರಿಗೆ ಸಾಕ್ಷಿ ಬೇರೆ: ಬೆಂಕಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೆಟ್ಟ ಪಾತ್ರೆಗಳು, ಹೊಗೆ ಬೂದಿ ತಾಗದಂತೆ ಪಾತ್ರೆ ಇಟ್ಟು ಸುಡುವ ಮಣ್ಣಿನ ಸ್ಯಾಗರ್ ಡಬ್ಬಿಗಳು, ಒಂದರ ಮೇಲೊಂದು ಪೇರಿಸುವಾಗ ನಡುವೆ ಇಡುವ ಪುಟ್ಟ ಮುಳ್ಳುಗಾಲಿನ ಆಸರೆಗಳು. ಇವನ್ನು ಯಾರೂ ಸಂತೆಗೆ ಒಯ್ಯುವುದಿಲ್ಲ. ಚೂ ದಾವ್‌ನಲ್ಲಿ ಇವೆಲ್ಲ ಸಿಕ್ಕವು. ನೆರೆಯ ಮೀ ಸಾ ಹಳ್ಳಿಯಲ್ಲೂ ಆವಿಗೆಯ ಕುರುಹು ಕಂಡಿತು. 16ನೇ ಶತಮಾನದ ಕೊನೆಗೆ ಲೇ-ಟ್ರಿನ್ ಮತ್ತು ಮಾಕ್ ಪಕ್ಷಗಳ ಯುದ್ಧ ಈ ಸೀಮೆಯನ್ನು ಹಾಳುಗೆಡವಿದ್ದರಿಂದ ಕಸುಬು ಕ್ಷೀಣಿಸಿತು ಎಂಬ ವಿವರಣೆ ಒಪ್ಪುವಂಥದ್ದು.

ಇಲ್ಲಿಗೆ ಕಥೆ ಚೊಕ್ಕವಾಗಿ ಮುಗಿದಂತೆ ಕಾಣುತ್ತದೆ, ಹೆಚ್ಚಿನ ಬರಹಗಳಲ್ಲಿ ಮುಗಿಸಿಯೂ ಬಿಡುತ್ತಾರೆ: ಬರಹ ನಾಮ್ ಸಾಕ್ ಅನ್ನುತ್ತದೆ, ನಾಮ್ ಸಾಕ್‌ನಲ್ಲಿ ಆವಿಗೆ ಸಿಕ್ಕಿತು, ಆದ್ದರಿಂದ ಹೂಜಿ ಚೂ ದಾವ್‌ನದು. ಆದರೆ ಸಾಲಿನಲ್ಲಿ ನಾಮ್ ಸಾಕ್ ಎಂಬುದು ಕುಶಲಕರ್ಮಿಗೆ ಸೇರಿದ ವಿಶೇಷಣ. 'ನಾಮ್ ಸಾಕ್ ಸೀಮೆಯ ಕುಶಲಕರ್ಮಿ' ಎಂದಿದೆಯೇ ಹೊರತು 'ನಾಮ್ ಸಾಕ್‌ನಲ್ಲಿ ಸುಟ್ಟದ್ದು' ಎಂದಿಲ್ಲ. ಉಡುಪಿಯ ಅಡುಗೆಯವರು ಬೆಂಗಳೂರಿನಲ್ಲಿ ಹೋಟೆಲು ನಡೆಸುವುದಿಲ್ಲವೇ? ಮನೆಯಲ್ಲೇ ಕೆಲಸ ಮಾಡುವವರು ತಮ್ಮ ಸೀಮೆಯ ಹೆಸರನ್ನು ಎತ್ತಿ ಹೇಳುವುದಕ್ಕಿಂತ ಹೊರಗೆ ಹೋದವರು ಹೇಳುವುದೇ ಹೆಚ್ಚು ಎಂದೂ ವಾದಿಸಬಹುದು. ರಾಜಧಾನಿ ಥಾಂಗ್ ಲೋಂಗ್, ಇಂದಿನ ಹನೋಯ್, ದೂರವೇನಲ್ಲ. ಚೂ ದಾವ್‌ನಲ್ಲಿ ಸುಟ್ಟಿರುವ ಸಾಧ್ಯತೆಯೇ ಹೆಚ್ಚು ಎಂದು ನಾವೂ ಒಪ್ಪುತ್ತೇವೆ. ಆದರೆ ಅದಕ್ಕೆ ಬಲ ಬರುವುದು ಬೋಕಿಗಳ ಹೋಲಿಕೆಯಿಂದ. ಬರಹ ಹುಡುಕಾಟಕ್ಕೆ ದಿಕ್ಕು ತೋರಿಸಿತು, ಅಷ್ಟೇ.

ಹೋಲಿಕೆಗೆ ದೊಡ್ಡ ಸಹಾಯ ಒದಗಿದ್ದು ಸಮುದ್ರದಡಿಯಿಂದ. ಮಧ್ಯ ವಿಯೆಟ್ನಾಮಿನ ಹೋಯ್ ಆನ್ ಹತ್ತಿರ, ಚಾಮ್ ದ್ವೀಪದ ಬಳಿ 70 ಮೀಟರಿಗೂ ಆಳದಲ್ಲಿ ಮುಳುಗಿದ್ದ ಹಡಗನ್ನು 1997ರಿಂದ 1999ರವರೆಗೆ ಶೋಧಿಸಿದಾಗ ಸುಮಾರು 2,40,000 ಪಾತ್ರೆಗಳು ಹೊರಬಂದವು. ಬಹುಪಾಲು ಉತ್ತರ ವಿಯೆಟ್ನಾಮಿನ ಆವಿಗೆಗಳವು, 15ನೇ ಶತಮಾನದವು. ಅಪರೂಪದವು ವಿಯೆಟ್ನಾಮೀ ಮ್ಯೂಸಿಯಂಗಳಿಗೆ ಹೋದವು. ಉಳಿದವುಗಳಲ್ಲಿ ಬಹಳಷ್ಟು 2000ದಲ್ಲಿ ಅಮೆರಿಕದಲ್ಲಿ ಹರಾಜಾದವು. ಹೀಗೆ ಚದುರಿದ ಸರಕನ್ನು ಇನ್ನು ಒಟ್ಟಾಗಿ ಅಧ್ಯಯನ ಮಾಡುವುದು ಅಸಾಧ್ಯ, ಅದು ಶೋಚನೀಯ. ಹನೋಯ್‌ನ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂನಲ್ಲಿರುವ, ಹಂಸಗಳ ಚಿತ್ರವಿರುವ ನೀಲಿ-ಬಿಳಿ ಹೂಜಿ ಇದೇ ಹಡಗಿನದು. ತೋಪ್‌ಕಾಪಿಯದಕ್ಕೆ ಎತ್ತರದಲ್ಲೂ ಆಕಾರದಲ್ಲೂ ಹತ್ತಿರ.

ಆದರೆ ಸಮುದ್ರದ ಪಾತ್ರೆಯನ್ನು ಅರಮನೆಯ ಪಾತ್ರೆಯ ಪಕ್ಕ ಇಟ್ಟು ಮೇಲ್ಮೈ ಹೋಲಿಸಬಾರದು. ಐನೂರು ವರ್ಷ ಉಪ್ಪು ನೀರಿನಲ್ಲಿದ್ದ ಮೆರುಗು ಮಂಕಾಗಿರುತ್ತದೆ. ಮೆರುಗಿನ ಮೇಲೆ ಹಚ್ಚಿದ ಕೆಂಪು, ಹಸಿರು ಬಣ್ಣಗಳು ಅಳಿದು ಬರೀ ನೆರಳು ಉಳಿದಿರುತ್ತದೆ. ಸ್ಟೋನ್‌ವೇರ್ ನೀರು ಹೀರುವುದಿಲ್ಲ ಎಂಬ ಧೈರ್ಯವೂ ಇಲ್ಲಿ ಕೈಕೊಡುತ್ತದೆ. ಮೆರುಗಿನ ಸೀಳುಗಳಿಂದ, ತಳದ ಬರಿ ಮಣ್ಣಿನಿಂದ ಉಪ್ಪು ಒಳಗೆ ಇಳಿದಿರುತ್ತದೆ. ಹಾಗೇ ಒಣಗಿಸಿದರೆ ಅದು ಹರಳುಗಟ್ಟಿ ಮೆರುಗನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ. ಅದಕ್ಕಾಗಿ ಪಾತ್ರೆಯನ್ನು ಒಣಗಲು ಬಿಡದೆ, ಉಪ್ಪು ನೀರಿನಿಂದ ಹಂತಹಂತವಾಗಿ ಸಿಹಿ ನೀರಿಗೆ, ಕೊನೆಗೆ ಖನಿಜ ತೆಗೆದ ನೀರಿಗೆ ದಾಟಿಸಿ, ನೀರು ಬದಲಿಸುತ್ತ ಹೋಗಬೇಕು. ಪ್ರತಿ ಬಾರಿ ನೀರಿನ ವಿದ್ಯುತ್ ವಾಹಕತೆ ಅಳೆದು ಬರೆದಿಟ್ಟುಕೊಳ್ಳಬೇಕು. ನೀರು ಬದಲಿಸಿದ ಮೇಲೂ ಅಂಕಿ ಏರದೆ ನಿಂತರೆ, ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ನೀರು ಬೆಳ್ಳಗಾಗದಿದ್ದರೆ ಕೆಲಸ ಮುಗಿಯಿತು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಹರಾಜಿನ ಅವಸರದಲ್ಲಿ ಇದನ್ನು ಅರ್ಧಕ್ಕೆ ಬಿಟ್ಟ ಪಾತ್ರೆ ಕೊಂಡವರ ಮನೆಯ ಕಪಾಟಿನಲ್ಲಿ ಬಿಳಿ ಪುಡಿ ಉದುರಿಸತೊಡಗುತ್ತದೆ.

ವ್ಯಕ್ತಿ: ಕೊನೆಯ ನಾಲ್ಕು ಅಕ್ಷರ

'ಬುಯ್ ಥಿ ಹಿ ಬುತ್.' ಬುಯ್ ಮನೆತನದ ಹೆಸರು. 'ಥಿ' ಎಂಬುದಕ್ಕೆ ಮನೆತನ ಎಂಬ ಅರ್ಥವಿದೆ, ವಿಯೆಟ್ನಾಮಿನಲ್ಲಿ ಹೆಂಗಸರ ಹೆಸರಿನ ನಡುವೆ ಬರುವ ರೂಢಿಯೂ ಇದೆ. 'ಬುತ್' ಎಂದರೆ ಕುಂಚ, ಬರವಣಿಗೆ. ಇಕ್ಕಟ್ಟು ಇರುವುದು 'ಹಿ' ಅಕ್ಷರದಲ್ಲಿ. ಅದರ ಸಾಮಾನ್ಯ ಅರ್ಥ ಆಟ, ವಿನೋದ. 'ಹಿ ಬುತ್' ಎಂಬ ಜೋಡಿ ಚೀನೀ ಚಿತ್ರಗಳ ಅಂಚಿನಲ್ಲಿ ಕಲಾವಿದರು ವಿನಯಕ್ಕೆ ಬರೆಯುವ ಸಿದ್ಧ ಮಾತು: 'ಸುಮ್ಮನೆ ಆಟಕ್ಕೆ ಬರೆದದ್ದು'. ಹಾಗೆ ಓದಿದರೆ ಬರೆದಾಕೆ ಬುಯ್ ಮನೆತನದ ಒಬ್ಬ ಹೆಂಗಸು, ಹೆಸರು ಹೇಳಿಲ್ಲ. 'ಥಿ'ಯನ್ನು ಬರೀ ಮನೆತನ ಎಂದಷ್ಟೇ ತೆಗೆದುಕೊಂಡರೆ ಗಂಡಸೂ ಆಗಬಹುದು. ಇನ್ನೊಂದು ಓದಿನ ಪ್ರಕಾರ 'ಹಿ' ಆಕೆಯ ಹೆಸರು, ಬುಯ್ ಥಿ ಹಿ ಎಂಬಾಕೆ ಬರೆದದ್ದು.

2000ದ ದಶಕದಲ್ಲಿ ಈ ಕೊನೆಯ ಓದಿಗೆ ಒಂದು ಪೂರ್ತಿ ಜೀವನಚರಿತ್ರೆಯೇ ಸೇರಿಕೊಂಡಿತು: 1420ರಲ್ಲಿ ಹುಟ್ಟಿ 1499ರಲ್ಲಿ ತೀರಿಕೊಂಡ, ಆವಿಗೆಗಳ ಒಡತಿ. ಆಧಾರವಾಗಿ ವಂಶಾವಳಿಯ ಪ್ರತಿಗಳನ್ನು, ಬರಹವಿರುವ ಇತರ ವಸ್ತುಗಳನ್ನು ತೋರಿಸಲಾಯಿತು. ವಿಯೆಟ್ನಾಮಿನಲ್ಲೇ ಹಲವು ಸಂಶೋಧಕರು ಅವುಗಳ ಪ್ರಾಚೀನತೆಯನ್ನು ಪ್ರಶ್ನಿಸಿದ್ದಾರೆ. ಇಲ್ಲಿ ಹೋಲಿಸಿ ನೋಡಲು ಒಳ್ಳೆಯ ಉದಾಹರಣೆಯೊಂದಿದೆ. ಸುಮಾರು 130 ವರ್ಷದ ನಂತರ, 1580ರ ದಶಕದಲ್ಲಿ, ಇದೇ ನಾಮ್ ಸಾಕ್ ಸೀಮೆಯ ದಾಂಗ್ ಹುಯೆನ್ ಥೋಂಗ್ ಎಂಬ ಕುಂಬಾರ ತನ್ನ ಕೆಲಸಗಳ ಮೇಲೆ ಪೂರ್ತಿ ಹೆಸರು, ಊರು, ಕಾಲ ಎಲ್ಲ ಬರೆದ. ಅವನ ವಿಷಯದಲ್ಲಿ ಒಂದು ಪಾತ್ರೆಯ ಬರಹವನ್ನು ಇನ್ನೊಂದರ ಜತೆ ತಾಳೆ ನೋಡಬಹುದು. ಬುಯ್ ವಿಷಯದಲ್ಲಿ ಸಂಶಯಾತೀತವಾಗಿ ಇರುವುದು ಒಂದೇ ಸಾಲು. ಮ್ಯೂಸಿಯಂ ಚೀಟಿಯಲ್ಲಿ ಬರೆಯುವುದಾದರೆ 'ಬುಯ್ ಮನೆತನದ ಕುಶಲಕರ್ಮಿ, ಬಹುಶಃ ಮಹಿಳೆ' ಎನ್ನುವಲ್ಲಿಗೆ ನಿಲ್ಲಿಸುವುದು ಸರಿ. ಅಷ್ಟಾದರೂ ಅದು ಸಣ್ಣ ಮಾತಲ್ಲ. ಕೆಲಸದವರು ತಮ್ಮನ್ನು ಕುಶಲಕರ್ಮಿ ಎಂದು ಕರೆದುಕೊಳ್ಳುತ್ತಲೇ ಪಂಡಿತ ಚಿತ್ರಕಾರರ ಮಾತನ್ನೂ ಬಳಸಿದ್ದಾರೆ. ಬಾಗಿದ ಹೆಗಲ ಮೇಲೆ, ಅಳಿಸಲಾಗದ ಬಣ್ಣದಲ್ಲಿ 13 ಅಕ್ಷರ ಬರೆಯುವಷ್ಟು ಅಕ್ಷರಜ್ಞಾನವೂ ಕೈಚಳಕವೂ ಅವರಿಗಿತ್ತು.

ಇನ್ನು ಆಗಬೇಕಾದ ಪರೀಕ್ಷೆ ಯಾವುದು?

ಸ್ಥಳದ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಬಲ್ಲದ್ದು ಮಣ್ಣಿನ ಧಾತುಗಳ ಹೋಲಿಕೆ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್‌ರೇ ಹಾಯಿಸಿ, ಪಾತ್ರೆಯನ್ನು ಗಾಯ ಮಾಡದೆ ಧಾತುಗಳನ್ನು ಓದುತ್ತದೆ. ಆದರೆ ಮೆರುಗಿನ ಮೇಲಿಟ್ಟರೆ ಅದು ಓದುವುದು ಮುಖ್ಯವಾಗಿ ಮೆರುಗನ್ನೇ, ಆದ್ದರಿಂದ ಪಾತ್ರೆ ನಿಲ್ಲುವ ತಳದ ಬಳೆಯ ಮೆರುಗಿಲ್ಲದ ಜಾಗದಲ್ಲೇ ಇಡಬೇಕು. ಅನೇಕ ವಿಯೆಟ್ನಾಮೀ ಪಾತ್ರೆಗಳ ತಳಕ್ಕೆ ಕಂದು ಬಣ್ಣದ ಕಬ್ಬಿಣದ ಲೇಪ ಇರುತ್ತದೆ, ಅದರ ಮೇಲಿಟ್ಟರೆ ಕಬ್ಬಿಣದ ಅಂಕಿ ಸುಳ್ಳಾಗಿ ಏರುತ್ತದೆ. ಬಳೆ ಕಿರಿದಾಗಿ, ಬಾಗಿದ್ದರೆ ಯಂತ್ರದ ಮೂತಿ ಸರಿಯಾಗಿ ಕೂರದೆ ಅಂಕಿಗಳು ಕುಸಿಯುತ್ತವೆ. ಸೋಡಿಯಂ, ಮೆಗ್ನೀಸಿಯಂನಂಥ ಹಗುರ ಧಾತುಗಳನ್ನು ಈ ಯಂತ್ರದಿಂದ ನಂಬಬಾರದು. ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂ ಇವುಗಳ ಪರಸ್ಪರ ಅನುಪಾತ ನೋಡುವುದು ಮೇಲು. ಒಂದೇ ಜಾಗದ ಓದಿಗಿಂತ ಬಳೆಯ ಸುತ್ತ ಐದಾರು ಕಡೆ ಓದಿ ಸರಾಸರಿ ತೆಗೆಯಬೇಕು. ನೀಲಿ ಗೆರೆಯ ಮೇಲೂ, ಪಕ್ಕದ ಖಾಲಿ ಮೆರುಗಿನ ಮೇಲೂ ಓದಿ, ಒಂದರಿಂದ ಇನ್ನೊಂದನ್ನು ಕಳೆದರೆ ಕೋಬಾಲ್ಟ್ ಜತೆ ಮ್ಯಾಂಗನೀಸ್ ಎಷ್ಟು ಎಂಬುದೂ ಸಿಗುತ್ತದೆ, ಅದರಿಂದ ಅದಿರು ಯಾವ ಬಗೆಯದು ಎಂಬ ಸುಳಿವು.

ಇದೇ ಯಂತ್ರ, ಇದೇ ಹೊಂದಾಣಿಕೆಯಲ್ಲಿ ಚೂ ದಾವ್ ಮತ್ತು ಮೀ ಸಾ ಆವಿಗೆಗಳ ಕೆಟ್ಟ ಪಾತ್ರೆಗಳನ್ನೂ, ಥಾಂಗ್ ಲೋಂಗ್ ಕೋಟೆಯ ಉತ್ಖನನದ ಬೋಕಿಗಳನ್ನೂ ಓದಬೇಕು. ಬೇರೆ ಬೇರೆ ಯಂತ್ರಗಳ ಅಂಕಿಗಳನ್ನು ನೇರ ಹೋಲಿಸಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಒಂದು ತೊಡಕು ಆಗಲೂ ಉಳಿಯುತ್ತದೆ: ಎರಡು ಊರಿನವರು ಒಂದೇ ಗಣಿಯ ಬಿಳಿ ಜೇಡಿ ದೋಣಿಯಲ್ಲಿ ತರಿಸಿಕೊಂಡಿದ್ದರೆ ಮಣ್ಣಿನ ಅಂಕಿಗಳು ಒಂದೇ ಬರುತ್ತವೆ. ಆಗ ಮೆರುಗಿನ ಬೂದಿಯ ರಂಜಕ, ಸುಣ್ಣದ ಪ್ರಮಾಣಗಳನ್ನು ನೋಡಬೇಕಾಗುತ್ತದೆ. ರಂಜಕವೂ ಹಗುರ ಧಾತುವೇ, ಅದಕ್ಕೆ ಕೈಯಂತ್ರ ಸಾಲದು, ತಳದಂಚಿನ ಮೆರುಗಿನಿಂದ ಸಾಸಿವೆಗಿಂತ ಸಣ್ಣ ಚೂರೊಂದನ್ನು ತೆಗೆಯಲು ಮ್ಯೂಸಿಯಂನವರು ಒಪ್ಪಬೇಕು.